ಅವ್ವ ಬಿಪಿ ಮಾತ್ರೆ ಬಿಟ್ಟಿದ್ದಾಳೆ, ಏನು ಹೇಳಲಿ?

ಪ್ರಶ್ನೆ (ಉಣಕಲ್, ಹುಬ್ಬಳ್ಳಿ): ನಮಸ್ಕಾರ ಡಾಕ್ಟರ್. ಅವ್ವನಿಗೆ 62 ವರ್ಷ. ಹೋದ ತಿಂಗಳು ಒಂದು ಶಿಬಿರದಲ್ಲಿ ಕಣ್ಣು ಮುಚ್ಚಿಸಿ ಮೈಮೇಲೆ ಕೈಯಾಡಿಸಿದರಂತೆ. ಮೊಣಕಾಲು ನೋವು ಅರ್ಧ ಇಳಿಯಿತು. ಮೆಟ್ಟಿಲು ಹತ್ತುವುದನ್ನು ನಾನೇ ನೋಡಿದ್ದೇನೆ. ಈಗ "ರೋಗವೆಲ್ಲ ಮನಸ್ಸಿನದೇ" ಎಂದು ಬಿಪಿ ಮಾತ್ರೆಯನ್ನೂ ಬಿಟ್ಟಿದ್ದಾಳೆ. ಹಿಂದಿನ ವೈದ್ಯರೂ ಹೀಗೆಯೇ ಗುಣಪಡಿಸುತ್ತಿದ್ದರು ಎನ್ನುತ್ತಾಳೆ. ನಿಜವೇ?

ಉತ್ತರ (ಮನೋವೈದ್ಯೆ, ಧಾರವಾಡ): ಮೊದಲು ಇವತ್ತೇ ಬಿಪಿ ನೋಡಿಸಿ, ಮಾತ್ರೆ ಬರೆದುಕೊಟ್ಟವರನ್ನು ಕಾಣಿ. ಇತಿಹಾಸ ಆಮೇಲೆ ಓದಿದರೂ ನಡೆಯುತ್ತದೆ.

ನೋವು ಇಳಿದದ್ದು ಸುಳ್ಳಲ್ಲ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಶಸ್ತ್ರವೈದ್ಯರಿದ್ದರು. ಅರಿವಳಿಕೆ ಇನ್ನೂ ಬಳಕೆಗೆ ಬಂದಿರಲಿಲ್ಲ. ರೋಗಿಯನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ, ಸಹಾಯಕರು ಗಂಟೆಗಟ್ಟಲೆ ಮೈಮೇಲೆ ಕೈಯಾಡಿಸುತ್ತಿದ್ದರು. ಆನೆಕಾಲು ರೋಗದ ದೊಡ್ಡ ಗಡ್ಡೆಗಳನ್ನು ಕೊಯ್ದು ತೆಗೆದರೂ ಎಷ್ಟೋ ರೋಗಿಗಳು ನರಳಲಿಲ್ಲ. ಆದರೆ ಗಮನಿಸಿ, ಎಸ್ಡೇಲ್ ಗಡ್ಡೆಯನ್ನು ಮನಸ್ಸಿಗೆ ಬಿಡಲಿಲ್ಲ. ನೋವನ್ನು ಮನಸ್ಸು ತಡೆಯಿತು, ಗಡ್ಡೆಯನ್ನು ತೆಗೆದದ್ದು ಚಾಕು. ನಿಮ್ಮ ಅವ್ವನ ಬಿಪಿಗೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಇಳಿಯಿತೋ ಏರಿತೋ ಮನಸ್ಸಿಗೆ ತಿಳಿಯುವ ದಾರಿಯೇ ಇಲ್ಲ. ನನಗೆ ಭಯವಾಗುವುದು ಇದಕ್ಕೇ.

ನಮ್ಮ ಚರಕಸಂಹಿತೆಯೂ ಮನಸ್ಸನ್ನು ಅಹಿತದಿಂದ ತಡೆಯುವ ಸತ್ತ್ವಾವಜಯವನ್ನು ಆಹಾರ, ಔಷಧಗಳ ಚಿಕಿತ್ಸೆಯ ಜೊತೆಯಲ್ಲೇ ಎಣಿಸುತ್ತದೆ, ಅದರ ಬದಲಿಗೆ ಅಲ್ಲ.

ಇನ್ನೊಬ್ಬ ಸದಸ್ಯರು (ಗದಗ): ಮೇಡಂ, ಕೈಯಿಂದ ಏನಾದರೂ ಶಕ್ತಿ ಹರಿಯುತ್ತದೆಯೇ?

ಉತ್ತರ: ಹರಿಯುತ್ತದೆ ಎಂದು ಪ್ಯಾರಿಸಿನಲ್ಲಿ ಮೆಸ್ಮರ್ ಎಂಬ ವೈದ್ಯರು ಹೇಳುತ್ತಿದ್ದರು. 1784ರಲ್ಲಿ ದೊರೆ ಹದಿನಾರನೇ ಲೂಯಿ ತನಿಖಾ ಮಂಡಳಿ ನೇಮಿಸಿದ. ವಿಜ್ಞಾನಿಗಳಾದ ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೆ ಅದರಲ್ಲಿದ್ದರು. ಮೆಸ್ಮರ್‌ನ ಶಿಷ್ಯ ದೆಸ್ಲೋನ್ ತೋಟದ ಒಂದೇ ಮರಕ್ಕೆ ಶಕ್ತಿ ತುಂಬಿದ. 12 ವರ್ಷದ ಹುಡುಗನೊಬ್ಬನನ್ನು ಕಣ್ಣು ಕಟ್ಟಿ ಬೇರೆ ಮರಗಳ ಬಳಿ ಕರೆದೊಯ್ದರು. ನಾಲ್ಕನೆಯದರ ಬಳಿ ಹುಡುಗ ಮೂರ್ಛೆ ಬಿದ್ದ! ಶಕ್ತಿ ತುಂಬಿದ ಮರ ಅದಲ್ಲ. ಮೂರ್ಛೆ ಮಾತ್ರ ನಿಜ. ಅದರ ಕಾರಣ ಕಲ್ಪನೆ ಎಂದು ಮಂಡಳಿ ಬರೆಯಿತು. ನಂಬಿಕೆ ಮೈಯನ್ನು ಇಷ್ಟು ಅಲುಗಾಡಿಸಬಲ್ಲದು ಎಂಬುದೇ ನನಗೆ ಅದ್ಭುತವಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು: ನೋಡಿಸಿದೆವು ಡಾಕ್ಟರ್, 170/100 ಇದೆ. ಮಾತ್ರೆ ಮತ್ತೆ ಶುರುವಾಯಿತು. ಶಿಬಿರಕ್ಕೆ ಹೋಗುವುದು ಬೇಡವೇ ಎಂದು ಅವ್ವ ಕೇಳುತ್ತಾಳೆ.

ಉತ್ತರ: ಮಾತ್ರೆ ನುಂಗಿ ಹೋಗಲಿ. ಮೊಣಕಾಲು ಹಗುರಾಗಿದ್ದಕ್ಕೆ ನನಗೂ ಸಂತೋಷವಾಗಿದೆ ಎಂದು ಅವರಿಗೆ ಹೇಳಿ.