ಬಿಲ್ಲು ಕೆಳಗಿಟ್ಟ ಅರ್ಜುನ

"ಏನೋ, ದಿನಾ ಬೆಳಿಗ್ಗೆ ಗೀತೆ ಓದ್ತೀಯಂತೆ? ನಿಮ್ಮ ಮನೆಯವರು ನಮ್ಮವಳ ಹತ್ತಿರ ಹೇಳಿದರಂತೆ" ಅಂದ ಸೀನ. ವಾಕಿಂಗ್ ಮುಗಿಸಿ ಗಾಂಧಿ ಬಜಾರಿನಲ್ಲಿ ಟೂ ಬೈ ತ್ರೀ ಕಾಫಿ ಹಿಡಿದು ನಿಂತಿದ್ದೆವು. ಸೀನ, ಮೇಷ್ಟ್ರು, ನಾನು.

"ಹೊಗಳಿದಳಾ?"

"ಕುಕ್ಕರ್ ಐದು ಸಲ ಕೂಗಿದರೂ ಕೇಳಿಸಲ್ವಂತೆ ನಿಂಗೆ."

ನಿಜ ಹೇಳಬೇಕಂದ್ರೆ ನನ್ನದು ಭಕ್ತಿಗಿಂತ ಜಾಸ್ತಿ ಅನುಕೂಲ. ಬರೆಯಲು ಕೂರುವ ಮೊದಲು ಏನಾದರೂ ಓದದಿದ್ದರೆ ನನ್ನ ಪೆನ್ನು ಓಡುವುದಿಲ್ಲ. ಕಾದಂಬರಿ ಹಿಡಿದರೆ ಊಟದ ಹೊತ್ತಿನವರೆಗೆ ಏಳುವುದಿಲ್ಲ, ಬರೆಯುವುದು ಅಲ್ಲಿಗೇ ಮುಗಿಯಿತು. ಶ್ಲೋಕವಾದರೆ ಎರಡೇ ಸಾಲು. ಅರ್ಥ ಸೇರಿ ಐದು ನಿಮಿಷ.

"ದಿನಕ್ಕೊಂದಾ?" ಮೇಷ್ಟ್ರು ಲೆಕ್ಕ ಹಾಕಿದರು. ರಿಟೈರಾದರೂ ಕೈ ಸುಮ್ಮನಿರುವುದಿಲ್ಲ. "ಒಟ್ಟು 700 ಶ್ಲೋಕ. ಒಂದು ವರ್ಷ ಹನ್ನೊಂದು ತಿಂಗಳು. ಶುರು ಮಾಡಿ ಎಷ್ಟು ದಿನ ಆಯ್ತು?"

"ಆರು ವರ್ಷ."

"ಭೇಷ್! ಮೂರು ಸಲ ಮುಗಿದಿರಬೇಕಲ್ಲಪ್ಪ!"

"ಎರಡನೇ ಅಧ್ಯಾಯದಲ್ಲಿದ್ದೀನಿ ಮೇಷ್ಟ್ರೇ."

ಸೀನನಿಗೆ ಕಾಫಿ ನೆತ್ತಿಗೇರಿತು.

ನನ್ನ ಕಷ್ಟ ಇವರಿಗೆಲ್ಲಿ ಗೊತ್ತು? ನಡುವೆ ಒಂದು ಮದುವೆ, ಒಂದು ಜ್ವರ, ಬೀಗರು ಬಂದು ನಾಲ್ಕು ದಿನ. ಓದು ತಪ್ಪುತ್ತದೆ. ತಪ್ಪಿದ ಮೇಲೆ ನಡುವಿಂದ ಹಿಡಿಯಲು ಮನಸ್ಸು ಬರಲ್ಲ. ಮತ್ತೆ ಧೃತರಾಷ್ಟ್ರ ಉವಾಚ. ಹೀಗಾಗಿ ಮೊದಲನೇ ಅಧ್ಯಾಯ ನನಗೆ ಅಂಗೈ ಗೆರೆ ಇದ್ದ ಹಾಗೆ. ಭೀಮ ಊದಿದ್ದು ಪೌಂಡ್ರ, ನಕುಲ ಸುಘೋಷ, ಸಹದೇವ ಮಣಿಪುಷ್ಪಕ. ಯಾವ ಶಂಖ ಯಾರದ್ದು ಅಂತ ನಿದ್ದೆಯಲ್ಲೂ ಹೇಳುತ್ತೇನೆ. ಕರ್ಮಯೋಗ ಏನು ಅಂತ ಮಾತ್ರ ಕೇಳಬೇಡಿ, ಅದು ಮೂರನೇ ಅಧ್ಯಾಯ.

"ಅದೂ ಅಲ್ದೆ" ಅಂದೆ, "ಮೊದಲನೇ ಅಧ್ಯಾಯದಲ್ಲಿ ಕೃಷ್ಣ ಮಾತಾಡೋದು ಒಂದೇ ಸಲ. 'ಪಾರ್ಥ, ಸೇರಿರೋ ಈ ಕುರುಗಳನ್ನ ನೋಡು.' ಅಷ್ಟೇ. ಆಮೇಲೆಲ್ಲ ಅರ್ಜುನನ ಗೋಳು. 47ನೇ ದಿನಕ್ಕೆ ಬಿಲ್ಲು ಕೆಳಗಿಟ್ಟು ಕೂತ್ಕೋತಾನೆ. ಆರು ವರ್ಷದಿಂದ ನಮ್ಮನೇಲಿ ಬರೀ ಅಳು."

"ನನ್ನ ಥರ ಕಗ್ಗ ಇಟ್ಕೊಳೋ" ಅಂದ ಸೀನ. "ಡಿವಿಜಿ 1943ರಲ್ಲಿ ಕೊಟ್ಟಿದ್ದು. ನಮ್ಮ ವಿದ್ಯಾರ್ಥಿ ಭವನ ಹೋಟೆಲ್ ಶುರುವಾಗಿದ್ದೂ ಅದೇ ವರ್ಷ. ಎರಡೂ ನಂಗೆ ದಿನಾ ಬೇಕು. 945 ಪದ್ಯ, ಹಿಂದು ಮುಂದು ಅನ್ನೋ ಹಂಗೇ ಇಲ್ಲ. ಕಣ್ಣು ಮುಚ್ಚಿ ಪುಸ್ತಕ ಬಿಡಿಸೋದು, ಬಂದಿದ್ದು ಇವತ್ತಿಗೆ."

"ಅದು ಸರಿ" ಅಂದರು ಮೇಷ್ಟ್ರು. "ಆದ್ರೆ ಮೂರು ತಿಂಗಳಿಂದ ದಿನಾ ಒಂದೇ ಪದ್ಯ ಹೇಳ್ತಿದ್ದೀಯಲ್ಲ?"

ಸೀನ ತಲೆ ಕೆರೆದುಕೊಂಡ. ದೇವರೇ ಏನೋ ಸೂಚನೆ ಕೊಡುತ್ತಿದ್ದಾನೆ ಅಂತ ಒಂದು ತಿಂಗಳು ಅವನು ಭಯಭಕ್ತಿಯಿಂದ ಇದ್ದನಂತೆ. ಈರುಳ್ಳಿಯನ್ನೂ ಬಿಟ್ಟಿದ್ದನಂತೆ. ಕೊನೆಗೆ ನೋಡಿದರೆ ಆ ಪುಟದ ಹತ್ತಿರ ಪುಸ್ತಕದ ಹೊಲಿಗೆ ಬಿಟ್ಟಿತ್ತು. ಹೇಗೆ ಬಿಡಿಸಿದರೂ ಅಲ್ಲೇ ತೆರೆದುಕೊಳ್ಳುತ್ತಿತ್ತು.

"ಈಗ?"

"ಈಗ ಈರುಳ್ಳಿ ತಿಂತೀನಿ. ಪದ್ಯ ಅದೇ ಬರುತ್ತೆ."

ನಕ್ಕು ಸುಧಾರಿಸಿಕೊಂಡ ಮೇಲೆ ನಾನೂ ಒಪ್ಪಿಸಿದೆ. ಮೊನ್ನೆ ಮನೆಯಲ್ಲಿ ಕರೆಂಟ್ ಹೋಯಿತು. ಬೀದಿಗೆಲ್ಲ ಇದೆ, ನಮಗೆ ಮಾತ್ರ ಇಲ್ಲ. ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗಿದ್ದ. ಬಿಲ್ಲು ಕಟ್ಟಿಲ್ಲ. ಕಟ್ಟೋಣ ಅಂದರೆ ಬಿಲ್ಲೇ ಇಲ್ಲ. ಡ್ರಾಯರ್, ಫ್ರಿಜ್ಜಿನ ಮೇಲೆ, ದೇವರ ಮನೆ ಎಲ್ಲಾ ಹುಡುಕಿ ಆಯಿತು. ಆಮೇಲೆ ಇವಳೇ ಮೊಬೈಲ್ ಟಾರ್ಚ್ ಬಿಟ್ಟುಕೊಂಡು ಬಂದು ಗೀತೆ ಕೊಡವಿದಳು. ಉದ್ದನೆಯ ಚೀಟಿ ಸುರುಳಿ ಬಿಚ್ಚಿಕೊಂಡು ಕಾಲ ಮೇಲೆ ಬಿತ್ತು. ಗುರುತಿಗೆ ಅಂತ ನಾನೇ ಇಟ್ಟಿದ್ದು.

"ಅರ್ಜುನ ಬಿಲ್ಲು ಕೆಳಗಿಟ್ಟ. ನೀನು ಒಳಗಿಟ್ಟೆ" ಅಂದ ಸೀನ.

ಮೇಷ್ಟ್ರು ಮಾತ್ರ ನಗಲಿಲ್ಲ. "ಯಾವ ಶ್ಲೋಕದ ಹತ್ತಿರ ಇತ್ತು?"

"ಎರಡನೇ ಅಧ್ಯಾಯ, ಹತ್ತು."

ಮೇಷ್ಟ್ರು ಒಂದು ಕ್ಷಣ ಕಣ್ಣು ಮುಚ್ಚಿ ನೆನೆಸಿಕೊಂಡರು. ಆಮೇಲೆ ಭುಜ ಕುಣಿಯುವಷ್ಟು ನಗಲು ಶುರು ಮಾಡಿದರು. "'ಪ್ರಹಸನ್ನಿವ' ಅಂತ ಬರೋದು ಅದೇ ಕಣೋ! ಗೋಳಾಡ್ತಾ ಇರೋನನ್ನ ನೋಡಿ ಕೃಷ್ಣ ನಕ್ಕ ಹಾಗೆ ಮಾಡ್ತಾನೆ. ಮುಂದಿನ ಶ್ಲೋಕದಿಂದಲೇ ಉಪದೇಶ. ಇಷ್ಟು ಹತ್ತಿರ ಬಂದಿದ್ದೀಯ, ನಾಳೆ ಹನ್ನೊಂದು ಓದಿಬಿಡು."

"ಓದಬಹುದು ಮೇಷ್ಟ್ರೇ. ಆದ್ರೆ ಕರೆಂಟ್ ಇಲ್ಲದೆ ಎರಡು ದಿನ ತಪ್ಪಿಹೋಯ್ತಲ್ಲ..."

ಸೀನ ಲೋಟ ಕೆಳಗಿಟ್ಟು, ಗಂಟಲು ಸರಿ ಮಾಡಿಕೊಂಡ.

"ಧೃತರಾಷ್ಟ್ರ ಉವಾಚ."