ಹಾರ್ಡ್‌ಡಿಸ್ಕ್ ಫೈಲ್ ಓದುತ್ತಿಲ್ಲ, ಮೊದಲು ಏನು ಮಾಡಲಿ?

ಪ್ರಶ್ನೆ:
ನನ್ನ ಹತ್ತಿರ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇದೆ. ತೀರಿಕೊಂಡ ಅಪ್ಪನ ಫೋಟೋಗಳೆಲ್ಲ ಅದರಲ್ಲೇ ಇವೆ, ಬೇರೆ ಕಾಪಿ ಇಲ್ಲ. ನಿನ್ನೆ ವಿಂಡೋಸ್ ಲ್ಯಾಪ್‌ಟಾಪ್‌ಗೆ ಕಾಪಿ ಮಾಡುವಾಗ ಅರ್ಧಕ್ಕೆ ನಿಂತು ‘ಡೇಟಾ ಎರರ್, ಸೈಕ್ಲಿಕ್ ರಿಡಂಡನ್ಸಿ ಚೆಕ್’ ಎಂದು ಬಂತು. ಕೆಲವು ಫೋಲ್ಡರ್ ತೆರೆಯುತ್ತವೆ, ಕೆಲವು ಇಲ್ಲ. ವಿಂಡೋಸ್‌ನಲ್ಲೇ ಇರುವ, ಡಿಸ್ಕ್ ದೋಷ ಸರಿಮಾಡುವ ಚೆಕ್‌ಡಿಸ್ಕ್ ಹಾಕು ಅಂತ ಗೆಳೆಯ ಹೇಳುತ್ತಿದ್ದಾನೆ. ಹಾಕಲಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಫೋಟೋ ಸ್ಟುಡಿಯೋ ನಡೆಸುವವರು:
ಈಗಲೇ ಹಾಕಬೇಡಿ. ನಾನು ಹಾಕಿ ಕೈ ಸುಟ್ಟುಕೊಂಡಿದ್ದೇನೆ. ಒಂದು ಮದುವೆಯ ಫೋಟೋಗಳಿದ್ದ ಡಿಸ್ಕ್‌ಗೆ ರಾತ್ರಿ ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ (ಕೆಟ್ಟ ಜಾಗವನ್ನೂ ಹುಡುಕುವ ಆಯ್ಕೆ) ಕೊಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಮದುವೆಯ ಫೋಲ್ಡರ್ರೇ ಇಲ್ಲ. ಅದರ ಬದಲು ‘ಫೌಂಡ್ 000’ ಎಂಬ ಫೋಲ್ಡರ್, ಒಳಗೆ ಹಳೆಯ ಹೆಸರೇ ಇಲ್ಲದ ಸಿಎಚ್‌ಕೆ ಫೈಲುಗಳು, ಅಂದರೆ ಚೆಕ್‌ಡಿಸ್ಕ್ ಹೆಕ್ಕಿಟ್ಟ ಚೂರುಗಳು. ಚೆಕ್‌ಡಿಸ್ಕ್ ಫೈಲ್ ಸಿಸ್ಟಮ್‌ನ, ಅಂದರೆ ಯಾವ ಫೈಲ್ ಎಲ್ಲಿದೆ ಎಂಬುದರ, ಲೆಕ್ಕ ಸರಿಮಾಡುತ್ತದೆ. ಲೆಕ್ಕಕ್ಕೆ ಕೂಡದ ಫೈಲನ್ನು ಕತ್ತರಿಸಲೂ ಹಿಂಜರಿಯುವುದಿಲ್ಲ. ಸಾಯುತ್ತಿರುವ ಡಿಸ್ಕನ್ನು ರಾತ್ರಿಯಿಡೀ ಓಡಿಸುವುದು ಬೇರೆ. ಮೊದಲು ಕಾಪಿ, ರಿಪೇರಿ ಆಮೇಲೆ. ಆ ಡಿಸ್ಕ್‌ಗೆ ಹೊಸದಾಗಿ ಏನನ್ನೂ ಬರೆಯಬೇಡಿ. ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳಿದರೆ ಬೇಡ ಅನ್ನಿ.

ಕಂಪ್ಯೂಟರ್ ರಿಪೇರಿ ಮಾಡುವವರು:
ಮೇಲಿನವರು ಹೇಳಿದ್ದು ಸರಿ. ಆದರೆ ಹೆದರುವ ಮೊದಲು ಕೇಬಲ್ ಬದಲಿಸಿ ನೋಡಿ. ನನ್ನ ಬೆಂಚಿಗೆ ಬರುವ ಇಂಥ ಡಿಸ್ಕ್‌ಗಳಲ್ಲಿ ಕೆಲವಕ್ಕೆ ಡಿಸ್ಕ್‌ನ ರೋಗವೇ ಇರುವುದಿಲ್ಲ, ಕೇಬಲ್ ಸಡಿಲ ಇರುತ್ತದೆ, ಇಲ್ಲವೇ ಯುಎಸ್‌ಬಿ ಹಬ್‌ನಿಂದ ಸಾಕಷ್ಟು ಕರೆಂಟ್ ಸಿಗುತ್ತಿರುವುದಿಲ್ಲ. ಹಬ್ ತೆಗೆದು ನೇರವಾಗಿ ಚುಚ್ಚಿ. ಡೆಸ್ಕ್‌ಟಾಪ್ ಇದ್ದರೆ ಹಿಂದಿನ ಪೋರ್ಟ್ ಬಳಸಿ.

ಆಮೇಲೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ಹಾಕಿ ಡಿಸ್ಕ್ ತನ್ನ ಬಗ್ಗೆ ಏನು ಹೇಳುತ್ತಿದೆ ನೋಡಿ. 05, ಸಿ5, ಸಿ6, ಸಿ7 ಈ ನಾಲ್ಕು ಸಾಲು ಸಾಕು. 05 ಅಂದರೆ ಕೆಟ್ಟು ಹೋಗಿ ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರ್‌ಗಳು (ಡಿಸ್ಕ್‌ನ ಪುಟ್ಟ ತುಂಡು ಜಾಗಗಳು). ಸಿ5 ಅಂದರೆ ಓದಲು ಆಗದೆ ಬಾಕಿ ಉಳಿದವು. ನಿಮ್ಮ ಎರರ್‌ಗೆ ಹೆಚ್ಚಾಗಿ ಕಾರಣ ಇವೇ. ಸಿ6 ಎಂದರೆ ಡಿಸ್ಕ್ ತಾನೇ ಪರೀಕ್ಷೆ ಮಾಡಿದಾಗಲೂ ಸರಿಹೋಗದವು. ಸಿ7 ಮಾತ್ರ ಏರುತ್ತಾ ಇದ್ದು ಉಳಿದವು ಸೊನ್ನೆ ಇದ್ದರೆ ದೋಷ ಕೇಬಲ್ ಅಥವಾ ಕನೆಕ್ಷನ್‌ನದ್ದು ಅಂತಲೇ ತಿಳಿಯಿರಿ. ಒಂದು ಎಚ್ಚರಿಕೆ: ಆ ತಂತ್ರಾಂಶ ಸಂಖ್ಯೆಗಳನ್ನು ಸಾಮಾನ್ಯವಾಗಿ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ, ತೋರಿಸುತ್ತದೆ. ಕೊನೆಗೆ 10 ಅಂತ ಕಂಡರೆ ಅದು ಹದಿನಾರು. ಕೆಲವು ಎಕ್ಸ್‌ಟರ್ನಲ್ ಪೆಟ್ಟಿಗೆಗಳು ಈ ಮಾಹಿತಿಯನ್ನು ಹೊರಗೆ ಬಿಡುವುದೇ ಇಲ್ಲ, ಆಗ ಏನೂ ಕಾಣದು.

ಟಕ್ ಟಕ್ ಎಂಬ ಶಬ್ದ ಬರುತ್ತಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ. ಡೇಟಾ ಓದುವ ಒಳಗಿನ ಹೆಡ್ ಕೆಟ್ಟಿರಬಹುದು. ಪ್ರತಿ ಸಲ ಆನ್ ಮಾಡಿದಾಗಲೂ ಅದು ಡೇಟಾ ಇರುವ ತಟ್ಟೆಯನ್ನು ಗೀರಬಹುದು. ಅದು ಡೇಟಾ ರಿಕವರಿ ಲ್ಯಾಬ್‌ನವರ ಕೆಲಸ, ಮನೆಯಲ್ಲಿ ಬಿಚ್ಚಬೇಡಿ. ಫ್ರೀಜರ್‌ನಲ್ಲಿಡು ಅನ್ನುವವರ ಮಾತು ಕೇಳಲೇಬೇಡಿ.

ಲಿನಕ್ಸ್ ಬಳಸುವವರು:
ಕಾಪಿ ಮಾಡಲು ಫೈಲ್ ಎಳೆದು ಹಾಕುವ ದಾರಿ ಬೇಡ. ಕೆಟ್ಟ ಜಾಗದಲ್ಲಿ ಅದು ನಿಂತುಬಿಡುತ್ತದೆ. ವಿಂಡೋಸ್‌ನ ಕಾಪಿ ಕಮಾಂಡ್ ಆದ ರೋಬೋಕಾಪಿಯೂ ಹಾಗೆಯೇ. ನೀವು ಬೇಡ ಎನ್ನದಿದ್ದರೆ ಒಂದೇ ಫೈಲಿಗೆ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ಉಬುಂಟು (ಒಂದು ಬಗೆಯ ಲಿನಕ್ಸ್) ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಮಾಡಿ, ಕೆಟ್ಟ ಡಿಸ್ಕನ್ನು ಪೂರ್ತಿ ನಕಲು ಮಾಡುವ ಡಿಡಿರೆಸ್ಕ್ಯೂ ಬಳಸಿ. ಉಬುಂಟುನಲ್ಲಿ ಆ ಪ್ಯಾಕೇಜ್‌ನ ಹೆಸರು ಜಿಡಿಡಿರೆಸ್ಕ್ಯೂ. ಹುಡುಕಿ ಸಿಗಲಿಲ್ಲ ಅಂತ ನಾನು ಒಂದು ಸಂಜೆ ಕಳೆದಿದ್ದೆ. ಅದು ಮೊದಲು ಚೆನ್ನಾಗಿರುವ ಜಾಗವನ್ನೆಲ್ಲ ಓದಿಕೊಂಡು, ಕೆಟ್ಟದ್ದನ್ನು ಬಿಟ್ಟು ಮುಂದೆ ಹೋಗುತ್ತದೆ. ಆಮೇಲೆ ವಾಪಸ್ ಬಂದು ಉಳಿದದ್ದಕ್ಕೆ ಕೈ ಹಾಕುತ್ತದೆ. ಎಲ್ಲಿವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟರೆ ಮಧ್ಯೆ ನಿಲ್ಲಿಸಿ, ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಇಳಿಸಿಕೊಳ್ಳುವ ಡಿಸ್ಕ್ 1 ಟಿಬಿಗಿಂತ ದೊಡ್ಡದಿರಲಿ. ಯಾವುದರಿಂದ ಯಾವುದಕ್ಕೆ ಎಂಬುದನ್ನು ಮೂರು ಸಲ ನೋಡಿ ಎಂಟರ್ ಒತ್ತಿ. ತಿರುಗುಮುರುಗು ಆದರೆ ಇರುವುದೂ ಹೋಗುತ್ತದೆ. ಚೆಕ್‌ಡಿಸ್ಕ್ ಹಾಕಲೇಬೇಕು ಅಂದರೆ ಹೀಗೆ ಸಿಕ್ಕ ನಕಲಿನ ಇನ್ನೊಂದು ನಕಲಿನ ಮೇಲೆ ಹಾಕಿ.

ಡಿಟಿಪಿ ಕೆಲಸ ಮಾಡುವವರು:
ಸುಮ್ನೆ ಒಂದು ಮಾತು. ಡಿಸ್ಕ್‌ನಲ್ಲಿ ಹಳೆಯ ಕನ್ನಡ ಫೈಲುಗಳೂ ಇದ್ದು, ತೆರೆದಾಗ ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ ಅದನ್ನು ಕೆಟ್ಟ ಫೈಲ್ ಅಂದುಕೊಂಡು ಅಳಿಸಬೇಡಿ. ಅವು ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡದಲ್ಲಿ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ್ದಿರಬಹುದು. ಆ ಫಾಂಟ್ ಹಾಕಿದರೆ ಓದಲು ಬರುತ್ತವೆ.

ಕೇಳಿದವರು, ನಾಲ್ಕು ದಿನದ ನಂತರ:
ಎಲ್ಲರಿಗೂ ತುಂಬಾ ಧನ್ಯವಾದ. ಕೇಬಲ್ ಬದಲಿಸಿದರೂ ಎರರ್ ಹೋಗಲಿಲ್ಲ. ಸಿ5 ಸಾಲಿನಲ್ಲಿ ಸಂಖ್ಯೆ ಇತ್ತು, ಶಬ್ದ ಇರಲಿಲ್ಲ. ಡಿಡಿರೆಸ್ಕ್ಯೂ ಎರಡು ರಾತ್ರಿ ಓಡಿತು. ಬಹುಪಾಲು ಬಂತು. ಹನ್ನೊಂದು ಫೋಟೋಗಳಲ್ಲಿ ಮಾತ್ರ ಕೆಳಗಿನ ಅರ್ಧ ಬರೀ ಬೂದು ಬಣ್ಣ. ಅದರಲ್ಲಿ ಒಂದು ಅಪ್ಪ ಅಮ್ಮ ಜೊತೆಗಿರುವುದು. ಇದಕ್ಕೆ ದಾರಿ ಇದೆಯಾ?

ಫೋಟೋ ಸ್ಟುಡಿಯೋ ನಡೆಸುವವರು:
ಹೋದ ಸೆಕ್ಟರ್‌ನಲ್ಲಿದ್ದ ಭಾಗವನ್ನು ತಂತ್ರಾಂಶ ಹುಟ್ಟಿಸಲಾರದು. ಆದರೆ ಕ್ಯಾಮೆರಾದ ಜೆಪೆಗ್ ಫೈಲ್‌ನ ತಲೆಯಲ್ಲೇ ಸಾಮಾನ್ಯವಾಗಿ ಒಂದು ಚಿಕ್ಕ ಚಿತ್ರ ಅಡಗಿರುತ್ತದೆ. ನಿಮ್ಮ ಫೈಲ್‌ನ ಮೊದಲ ಭಾಗ ಬಂದಿರುವುದರಿಂದ ಅದು ಉಳಿದಿರಬಹುದು. ಫೋಟೋದೊಳಗಿನ ಇಂಥ ಮಾಹಿತಿ ಹೊರತೆಗೆಯುವ ಎಕ್ಸಿಫ್‌ಟೂಲ್ ತಂತ್ರಾಂಶದಿಂದ ತೆಗೆದು ನೋಡಿ. ಅಂಚೆಚೀಟಿಯಷ್ಟೇ ಸಿಗುತ್ತದೆ, ಆದರೂ ಪೂರ್ತಿ ಚಿತ್ರ. ಜೊತೆಗೆ ಚಿಕ್ಕಪ್ಪ, ಅತ್ತೆ ಎಲ್ಲರ ಹಳೆಯ ಮೊಬೈಲ್ ಕೇಳಿ. ಆ ಫೋಟೋವನ್ನು ಅಪ್ಪನೇ ಯಾರಿಗಾದರೂ ವಾಟ್ಸಾಪ್‌ನಲ್ಲಿ ಕಳಿಸಿರಬಹುದು ಅಲ್ವಾ?