ಟ್ಯಾರೋ: ಒಂದೊಂದು ಎಲೆಯ ಅರ್ಥ ಗೊತ್ತು, ಮೂರು ಸೇರಿದರೆ ತಲೆಬುಡ ತಿಳಿಯಲ್ಲ

ಹೊಸಡೆಕ್:
ಟ್ಯಾರೋ ಎಲೆ (ಕಾರ್ಡು) ಎಳೆದು ಪ್ರಶ್ನೆಗೆ ಉತ್ತರ ಓದುವುದನ್ನು ಕಲಿಯುತ್ತಿದ್ದೇನೆ. ಡೆಕ್ (ಎಲೆಗಳ ಕಟ್ಟು) ರೈಡರ್-ವೇಟ್ ಎಂಬುದು. ಅಭ್ಯಾಸಕ್ಕೆ ಇಟ್ಟ ಪ್ರಶ್ನೆ: "ಮಾತು ಬಿಟ್ಟ ಗೆಳತಿಗೆ ಫೋನ್ ಮಾಡಲೇ ಬೇಡವೇ?" ಬಂದದ್ದು ಫೈವ್ ಆಫ್ ಕಪ್ಸ್, ಟೂ ಆಫ್ ಸ್ವೋರ್ಡ್ಸ್, ಸಿಕ್ಸ್ ಆಫ್ ಸ್ವೋರ್ಡ್ಸ್. ಕೊನೆಯದು ತಲೆಕೆಳಗೆ. ಪುಸ್ತಿಕೆ ನೋಡಿದರೆ ನಷ್ಟ, ಇಬ್ಬಂದಿ, ಜಲಪ್ರಯಾಣ. ಇದರಲ್ಲಿ ಹೌದು ಎಲ್ಲಿದೆ, ಅಲ್ಲ ಎಲ್ಲಿದೆ? ಒಂದೂ ಮೇಜರ್ ಅರ್ಕಾನಾ (ನಾಲ್ಕು ಪಂಗಡಗಳಿಗೆ ಸೇರದ, ತಮ್ಮದೇ ಹೆಸರಿರುವ ಎಲೆ) ಬರಲಿಲ್ಲ, ಅದಕ್ಕೇನಾದರೂ ಅರ್ಥ ಉಂಟಾ? ತಲೆಕೆಳಗಾದ ಎಲೆಗಳೂ ಯಾಕೋ ವಿಪರೀತ ಬರುತ್ತಿವೆ.

ಬಟ್ಟಲುರಾಣಿ:
ತಪ್ಪು ಎಲೆ ಎಳೆಯುವ ಮೊದಲೇ ಆಗಿದೆ. ಮೂರು ಜಾಗಗಳಿಗೆ ನೀವು ಹೆಸರೇ ಇಟ್ಟಿಲ್ಲ. "ಮಾಡಲೇ ಬೇಡವೇ" ಎನ್ನುವುದಕ್ಕೆ ನಾಣ್ಯ ಚಿಮ್ಮಿದರೆ ಸಾಕು, 78 ಎಲೆ ಯಾಕೆ? "ಫೋನ್ ಮಾಡದಂತೆ ತಡೆಯುತ್ತಿರುವುದೇನು?" ಎಂದು ಕೇಳಿ. ಈಗಿರುವುದು, ಅಡ್ಡಿ, ಮುಂದಿನ ಹೆಜ್ಜೆ ಎಂದು ಮೂರು ಜಾಗ ಚೀಟಿಯಲ್ಲಿ ಬರೆದಿಟ್ಟು ಆಮೇಲೆ ಎಳೆಯಿರಿ. ಎಳೆದ ಮೇಲೆ ಜಾಗ ಬದಲಿಸುವಂತಿಲ್ಲ.

ಈಗ ಪುಸ್ತಿಕೆ ಮುಚ್ಚಿ. ಎಲೆಗೆ ಎರಡು ನಿಮಿಷದಂತೆ ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ, ಅರ್ಥ ಬೇಡ. ಕಪ್ಸ್ ಐದರಲ್ಲಿ ಕಪ್ಪು ನಿಲುವಂಗಿಯವನು ಉರುಳಿದ ಮೂರು ಬಟ್ಟಲನ್ನೇ ನೋಡುತ್ತಿದ್ದಾನೆ. ಹಿಂದೆ ಎರಡು ನೆಟ್ಟಗೆ ನಿಂತಿವೆ. ಆಚೆ ಹೊಳೆ, ಹೊಳೆಗೊಂದು ಸೇತುವೆ. ಸ್ವೋರ್ಡ್ಸ್ ಎರಡರಲ್ಲಿ ಕಣ್ಣು ಕಟ್ಟಿದ ಹೆಂಗಸು ಎದೆಗೆ ಅಡ್ಡವಾಗಿ ಎರಡು ಕತ್ತಿ ಹಿಡಿದು ಕಡಲಿಗೆ ಬೆನ್ನು ಹಾಕಿ ಕೂತಿದ್ದಾಳೆ. ಆರರಲ್ಲಿ ದೋಣಿ, ಅಂಬಿಗ, ಮುಸುಕು ಹೊದ್ದ ಹೆಂಗಸು, ಮಗು. ಒಂದು ಮಗ್ಗುಲಲ್ಲಿ ಅಲೆ, ಇನ್ನೊಂದು ಮಗ್ಗುಲಲ್ಲಿ ನಿಶ್ಚಲ ನೀರು.

ಮೂರರಲ್ಲೂ ಇರುವುದೇನು? ನೀರು. ಮೊದಲು ದಾಟುವ ದಾರಿ ಇದ್ದೂ ನೋಡದವನು, ಆಮೇಲೆ ನೀರಿಗೆ ಬೆನ್ನು ಕೊಟ್ಟವಳು, ಕೊನೆಗೆ ನೀರಿಗಿಳಿದವರು. ವಾಕ್ಯ ತಾನೇ ಹುಟ್ಟುತ್ತದೆ: ಕಳೆದದ್ದನ್ನೇ ಎಣಿಸುತ್ತಿದ್ದೀರಿ, ಎದೆಗೆ ಅಡ್ಡ ಹಿಡಿದ ಹಟವೇ ಅಡ್ಡಿ, ಮುಂದಿನ ಹೆಜ್ಜೆ ನಿಧಾನವಾದ ದಾಟು. ಆ ದೋಣಿಯಲ್ಲಿ ಆರು ಕತ್ತಿ ನೆಟ್ಟಗೆ ನಿಂತೇ ಇವೆ ಎಂಬುದನ್ನು ಬಿಡಬೇಡಿ. ಹಳೇ ಮಾತು ಮರೆತುಹೋಗುವುದಿಲ್ಲ, ಜತೆಗೇ ಬರುತ್ತದೆ. "ಜಲಪ್ರಯಾಣ" ಎಂಬ ಒಂದು ಪದ ಹಿಡಿದು ಹೊರಟರೆ ಇದ್ಯಾವುದೂ ಸಿಗದು, ಟಿಕೆಟ್ ಬುಕ್ ಮಾಡಬೇಕಾದೀತು.

ತಲೆಕೆಳಗಾದದ್ದನ್ನು ನೇರ ಮಾಡಿಕೊಂಡೇ ಓದಿದ್ದೇನೆ. ಮೊದಲ ಕೆಲವು ತಿಂಗಳು ನೀವೂ ಹಾಗೇ ಮಾಡಿ. 78 ಅರ್ಥ ನೆಟ್ಟಗಾಗುವ ಮುಂಚೆ ತಲೆಕೆಳಗಿನವೂ ಸೇರಿ 156 ಹೊರಬೇಡಿ.

ಲೆಕ್ಕದಮೇಷ್ಟ್ರು:
ಮೇಜರ್ ಬರಲಿಲ್ಲ ಎಂಬುದಕ್ಕೆ ಅರ್ಥವಿಲ್ಲ. 78ರಲ್ಲಿ ಮೇಜರ್ 22 ಮಾತ್ರ. ಮೂರು ಎಲೆ ಎಳೆದರೆ ಒಂದಾದರೂ ಬರುವ ಸಾಧ್ಯತೆ ಸುಮಾರು 64%. ಉಳಿದ 36% ಸಲ ಒಂದೂ ಬರುವುದಿಲ್ಲ. ಹತ್ತು ಎಲೆ ಹಾಸಿ ಓದುವ ಸೆಲ್ಟಿಕ್ ಕ್ರಾಸ್‌ನಲ್ಲಿ ಸರಾಸರಿ 2.8, ಅಂದರೆ ಮೂರು ಬಂದರೆ ಮಾಮೂಲು. ಆರು ಬಂದಾಗ ಹುಬ್ಬೇರಿಸಿ.

ತಲೆಕೆಳಗಿನ ರೋಗಕ್ಕೆ ಕಾರಣ ನಿಮ್ಮ ಕೈ ಇರಬೇಕು. ಕವುಚಿದ ಎಲೆಯನ್ನು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿದರೆ ದಿಕ್ಕು ಉಳಿಯುತ್ತದೆ. ದೋಸೆ ಮಗುಚಿದಂತೆ ಕೆಳಅಂಚು ಹಿಡಿದು ಮೇಲಕ್ಕೆ ತಿರುಗಿಸಿದರೆ ನೇರ ಇದ್ದದ್ದು ಬುಡಮೇಲಾಗುತ್ತದೆ. ನೆಲದ ಮೇಲೆ ಎಲ್ಲ ಹರಡಿ ಕಲೆಸಿದರೂ ಅದೇ ಕತೆ. ಎಲ್ಲ ಎಲೆ ನೇರ ಮಾಡಿ, ಕೈಯಲ್ಲೇ ಕಲೆಸಿ, ಪಕ್ಕಕ್ಕೆ ಮಗುಚಿ. ಒಂದೂ ತಲೆಕೆಳಗೆ ಬರಕೂಡದು. ಮುಂದೆ ಬೇಕೆನಿಸಿದಾಗ ಡೆಕ್ ಎರಡು ಪಾಲು ಮಾಡಿ, ಒಂದನ್ನು ಅರ್ಧ ಸುತ್ತು ತಿರುಗಿಸಿ ಬೆರೆಸಿ. ಆದರೆ ಬೆನ್ನಿನ ಚಿತ್ತಾರ ಎರಡು ತುದಿಯಿಂದಲೂ ಒಂದೇ ಥರ ಇರಬೇಕು, ಇಲ್ಲವಾದರೆ ಎಳೆಯುವ ಮೊದಲೇ ಗೊತ್ತಾಗಿಬಿಡುತ್ತದೆ.

ಹೊಸ ಡೆಕ್ ಕ್ರಮವಾಗಿ ಜೋಡಿಸಿಯೇ ಬರುತ್ತದೆ. ನಾಲ್ಕು ಸಲ ಕಲೆಸಿ ಬಿಟ್ಟರೆ ಒಂದೇ ಪಂಗಡದ ಎಲೆಗಳು ಗುಂಪಾಗಿ ಬರುತ್ತವೆ, ನೀವು ಅದನ್ನು ಸೂಚನೆ ಎಂದುಕೊಳ್ಳುತ್ತೀರಿ.

ಹೊಸಡೆಕ್:
ದೋಸೆ ಥರವೇ ಮಗುಚುತ್ತಿದ್ದೆ! ಇನ್ನೊಂದು: ನನ್ನ ಡೆಕ್‌ನಲ್ಲಿ ಸ್ಟ್ರೆಂತ್ ಎಂಬ ಮೇಜರ್ ಎಲೆಯ ಸಂಖ್ಯೆ 8, ಕೆಲವು ವೀಡಿಯೊಗಳಲ್ಲಿ 11. ನಕಲಿ ಮಾಲಾ?

ಮಾರ್ಸೇಲಿ:
ನಕಲಿ ಅಲ್ಲ. ಹಳೇ ಫ್ರೆಂಚ್ ಮಾದರಿಯ ಮಾರ್ಸೇಲ್ ಡೆಕ್‌ಗಳಲ್ಲಿ ಜಸ್ಟಿಸ್ 8, ಸ್ಟ್ರೆಂತ್ 11. ರಾಶಿಗಳ ಕ್ರಮಕ್ಕೆ ಹೊಂದಿಸಲು, ಸಿಂಹ (ಸ್ಟ್ರೆಂತ್) ಮೊದಲು ತುಲಾ (ಜಸ್ಟಿಸ್) ಆಮೇಲೆ ಬರಲೆಂದು, ಗೋಲ್ಡನ್ ಡಾನ್ ಎಂಬ ಇಂಗ್ಲಿಷ್ ಗುಪ್ತಸಂಘದವರು ಎರಡನ್ನೂ ಅದಲುಬದಲು ಮಾಡಿದರು. ನಿಮ್ಮ ಡೆಕ್ ರೂಪಿಸಿದ ವೇಟ್ ಅದನ್ನೇ ಉಳಿಸಿಕೊಂಡ. 1909ರಲ್ಲಿ ಲಂಡನ್ನಿನಲ್ಲಿ ಬಂದ ಆ ಡೆಕ್‌ನ ಚಿತ್ರಗಳೆಲ್ಲ ಪಮೇಲಾ ಕೋಲ್ಮನ್ ಸ್ಮಿತ್ ಕೈಯವು, ಹೆಸರು ಮಾತ್ರ ಪ್ರಕಾಶಕನದು ಮತ್ತು ವೇಟ್‌ನದು. ಮೇಲೆ ಹೇಳಿದ ಚಿತ್ರ ನೋಡುವ ವಿಧಾನ ನಡೆಯುವುದು ಅವಳಿಂದಲೇ. ಮಾರ್ಸೇಲ್‌ನಲ್ಲಿ ಬಟ್ಟಲು ಐದು ಎಂದರೆ ಬರೀ ಐದು ಬಟ್ಟಲು. ಎರಡರ ಪುಸ್ತಕಗಳನ್ನು ಬೆರೆಸಿ ಓದಬೇಡಿ.

ಇಸ್ಪೀಟು ಆಡಿದವರಿಗೆ ಪಂಗಡ ಕಷ್ಟವಲ್ಲ: ಆಟೀನು ಬಟ್ಟಲು, ಇಸ್ಪೀಟು ಕತ್ತಿ, ಡೈಮಂಡು ನಾಣ್ಯ, ಕಳಾವರು ಕೋಲು. ಸ್ಪೇಡ್ ಎಂಬ ಮಾತೇ ಕತ್ತಿ ಎಂಬರ್ಥದ ಇಟಾಲಿಯನ್ ಪದದಿಂದ ಬಂದದ್ದು. ಟ್ಯಾರೋ ಹುಟ್ಟಿದ್ದೂ 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಎಲೆಯಾಟಕ್ಕೆಂದು. ಈಜಿಪ್ಟಿನ ಪುರಾತನ ಗ್ರಂಥ ಎಂಬ ಕತೆ 1781ರ ಪ್ಯಾರಿಸ್ಸಿನದು.

ದಿನಕ್ಕೊಂದು ಎಲೆ ಬಾಯಿಪಾಠ ಮಾಡುವ ಬದಲು ಎಕ್ಕದಿಂದ ಹತ್ತರವರೆಗೆ ನಾಲ್ಕು ಸಾಲು ಹಾಸಿ, ಕೆಳಮುಖವಾಗಿ ಓದಿ. ನಾಲ್ಕು ಐದುಗಳನ್ನೇ ನೋಡಿ: ಕೋಲು ಹಿಡಿದು ಬಡಿದಾಡುವ ಹುಡುಗರು, ಉರುಳಿದ ಬಟ್ಟಲು, ಗೆದ್ದವನು ಕತ್ತಿ ಬಾಚಿಕೊಳ್ಳುವಾಗ ಬೆನ್ನು ತಿರುಗಿಸಿ ಹೋಗುವ ಇಬ್ಬರು, ಬೆಳಕಿನ ಕಿಟಕಿಯ ಕೆಳಗೆ ಹಿಮದಲ್ಲಿ ನಡೆಯುವ ಭಿಕ್ಷುಕರು. ಐದು ಎಂದರೆ ನೆಮ್ಮದಿ ಕೆಟ್ಟ ಘಟ್ಟ; ಯಾವುದರಲ್ಲಿ ಕೆಟ್ಟಿತು ಎಂಬುದನ್ನು ಪಂಗಡ ಹೇಳುತ್ತದೆ.

ಬಟ್ಟಲುರಾಣಿ:
ಇದಕ್ಕೆ ಸೇರಿಸುತ್ತೇನೆ: ಪೇಜ್, ನೈಟ್, ಕ್ವೀನ್, ಕಿಂಗ್, ಈ 16 ಎಲೆ ಸದ್ಯಕ್ಕೆ ಡಬ್ಬಿಯಲ್ಲೇ ಇರಲಿ. ಅವು ಒಮ್ಮೆ ವ್ಯಕ್ತಿ, ಒಮ್ಮೆ ಸ್ವಭಾವ, ಒಮ್ಮೆ ಕೇಳಿದವರೇ ಆಗಿಬಿಡುತ್ತವೆ. ಹೊಸಬರು ಹೆಚ್ಚು ಮುಗ್ಗರಿಸುವುದು ಅಲ್ಲೇ. 62 ಎಲೆಯಲ್ಲಿ ಕೈ ಕುದುರಿದ ಮೇಲೆ ತೆಗೆಯಿರಿ.

ಲೆಕ್ಕದಮೇಷ್ಟ್ರು:
ಹಾಗಾದರೆ ನನ್ನ ಲೆಕ್ಕ ತಿದ್ದಿಕೊಳ್ಳಿ. 62ರಲ್ಲಿ ಮೂರು ಎಳೆದರೆ ಮೇಜರ್ ಬರುವ ಸಾಧ್ಯತೆ 64 ಅಲ್ಲ, ಸುಮಾರು 74%.